ತೂಕದ ಲೆಕ್ಕ ತಮ್ಮನೇ ಬರೆಯಲಿ

ಪ್ರಶ್ನೆ: ತಮ್ಮನಿಗೆ 29 ವರ್ಷ. ಸ್ಕಿಜೋಫ್ರೇನಿಯಾಕ್ಕೆ ರಾತ್ರಿ ಒಲಾಂಜಪಿನ್ ಗುಳಿಗೆ ನುಂಗುತ್ತಾನೆ. ಕಿವಿಯಲ್ಲಿ ದನಿ ಕೇಳಿಸುವುದು ನಿಂತಿದೆ. ಆದರೆ ವರ್ಷದಲ್ಲಿ 60 ಕೆಜಿ ಇದ್ದವನು 74 ಆಗಿದ್ದಾನೆ. ಖಾಲಿ ಹೊಟ್ಟೆಯ ಶುಗರ್ 118. ಸಕ್ಕರೆ ಡಬ್ಬಿ ಬಚ್ಚಿಟ್ಟೆ, ಅನ್ನ ಅಳೆದು ಬಡಿಸಿದೆ. ಹೊರಗೆ ಹೋಗಿ ಮಿರ್ಚಿ ತಿಂದು, ಬೀಡಿ ಸೇದಿ ಬರುತ್ತಾನೆ. ಗುಳಿಗೆ ಬಿಡಿಸಲೇ?
– ಅಕ್ಕ, ಗಂಗಾವತಿ

ಉತ್ತರ: ಬಿಡಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಅವನದು ಹೊಟ್ಟೆಬಾಕತನವಲ್ಲ, ಗುಳಿಗೆಯೇ ಹಸಿವು ಹೆಚ್ಚಿಸುತ್ತದೆ. ಡಬ್ಬಿ ಬಚ್ಚಿಟ್ಟರೆ ಆ ಹಸಿವು ಮಿರ್ಚಿ ಬಂಡಿಗೆ ಹೋಗುತ್ತದೆ, ಅಷ್ಟೇ.

ಅವನ ಮೈ ಬಗ್ಗೆ ಮನೆಮಂದಿಯೆಲ್ಲ ಮಾತಾಡಿದ್ದೀರಿ, ಅವನನ್ನು ಕೇಳಿದ್ದೀರಾ? "ನಿನಗ ಏನು ತ್ರಾಸ ಆಗ್ತದ?" ಎಂದು ಕೇಳಿ ಸುಮ್ಮನಿರಿ. ಉತ್ತರ ತಡವಾಗಬಹುದು. 'ಪ್ಯಾಂಟು ಬಿಗಿ' ಅಂದರೆ ಅಲ್ಲಿಂದಲೇ ಶುರು ಮಾಡಿ. ಶುಗರ್ ಭಾಷಣ ಬೇಡ. ಗುರಿ ಒಂದೇ, ಅವನೇ ಆರಿಸಿದ್ದು. ದಿನಕ್ಕೆ ಐದು ಚಹಾ, ಎರಡೆರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ದಾಟುತ್ತದೆ. ಒಂದೊಂದು ಚಮಚಕ್ಕಿಳಿಸುವುದು ತಾಟಿನ ಅನ್ನ ಕಸಿಯುವುದಕ್ಕಿಂತ ಸುಲಭ. ನಡುವೆ ಹಸಿದರೆ ಕೈಗೆ ಸಿಗುವಂತೆ ಸೌತೆಕಾಯಿ, ಬೇಯಿಸಿದ ಕಾಳು, ಮಜ್ಜಿಗೆ ಇರಲಿ. ವಾರಕ್ಕೊಮ್ಮೆ ಅದೇ ತೂಕದ ಮಷೀನು, ಅದೇ ಹೊತ್ತು. ಅಂಕಿ ಅವನೇ ಬರೆಯಲಿ.

ರಾತ್ರಿಯ ಗುಳಿಗೆಯ ಮಂಪರು ಇಳಿಯದವನನ್ನು ಐದಕ್ಕೆ ಎಬ್ಬಿಸಿ ವಾಕಿಂಗ್ ಕಳಿಸುವುದು ಜಗಳಕ್ಕೆ ದಾರಿ. ಸಂಜೆ ಬಿಸಿಲಿಳಿದ ಮೇಲೆ ಹತ್ತು ನಿಮಿಷ ಸಾಕು, ನೀವೂ ಹೋಗಿ. ಇಂಥ ಗುಳಿಗೆ ನುಂಗುವವರ ಮೈ ಸೆಕೆಯನ್ನು ಸರಿಯಾಗಿ ತಾಳುವುದಿಲ್ಲ, ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಮರೆಯಬೇಡಿ.

ಬೀಡಿ ಬಿಡಿಸುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಬೀಡಿ ಹೊಗೆಯಿಂದ ಲಿವರ್ ಒಲಾಂಜಪಿನ್ನನ್ನು ಬೇಗ ಕರಗಿಸುತ್ತದೆ. ಥಟ್ಟನೆ ಬಿಟ್ಟರೆ ಅದೇ ಡೋಸು ರಕ್ತದಲ್ಲಿ ಏರಿ, ತೂಕಡಿಕೆ ಹೆಚ್ಚುತ್ತದೆ. ಆಗ ಅವನು ಗುಳಿಗೆಯನ್ನೇ ಬೈಯುತ್ತಾನೆ.

118 ಇನ್ನೂ ಸಕ್ಕರೆ ಕಾಯಿಲೆಯಲ್ಲ. 100ರಿಂದ 125 ಅಂಚು. 126 ಮುಟ್ಟಿದರೆ, ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಮುಂದಿನ ಭೇಟಿಗೆ ಅವನ ಕೈಬರಹದಲ್ಲೇ ಪ್ರಶ್ನೆಗಳಿರಲಿ: ತೂಕ ಕಡಿಮೆ ಏರಿಸುವ ಬೇರೆ ಗುಳಿಗೆ ಆಗುತ್ತದೆಯೇ? ಶುಗರ್ ಹತೋಟಿಗೆ ಕೊಡುವ ಮೆಟ್‌ಫಾರ್ಮಿನ್ ಬೇಕೇ? ಬಿಪಿ, ಕೊಲೆಸ್ಟ್ರಾಲ್ ಯಾವಾಗ ನೋಡಿಸಬೇಕು? ಸೊಂಟದ ಸುತ್ತಳತೆಯನ್ನೂ ಅಳೆಸಿ, ಗಂಡಸರಿಗೆ 90 ಸೆಂ.ಮೀ. ಮಿತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಕಾಯಿಲೆಗಳ ಸರ್ಕಾರಿ ಕ್ಲಿನಿಕ್) ಬಗ್ಗೆ ವಿಚಾರಿಸಿ; ನಡುವೆ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ.

ಒಳಗೆ ಹೋದಾಗ ಡಾಕ್ಟರ ಎದುರಿನ ಸ್ಟೂಲು ಅವನಿಗೆ ಬಿಡಿ. ಅವರು ನಿಮ್ಮ ಮುಖ ನೋಡಿ ಮಾತಾಡಿದರೆ, "ಅವನ್ನೇ ಕೇಳ್ರಿ ಸರ್" ಅನ್ನಿ.