ಎರಡು ಮೈಕಿನಲ್ಲಿ ಇಡೀ ಡ್ರಮ್ ಸೆಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯ ಮಹಡಿ ರೂಮಿನಲ್ಲಿ ಐದು ಪೀಸಿನ ಡ್ರಮ್ ಸೆಟ್ ಇದೆ. ರೆಕಾರ್ಡ್ ಮಾಡಲು ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಸಾಧನ) ಈಗಾಗಲೇ ಕೊಂಡಿದ್ದೇನೆ. ಕೈಯಲ್ಲಿ ಉಳಿದಿರುವುದು 15,000 ರೂಪಾಯಿ. ಅದೇ ದುಡ್ಡಿಗೆ ಆನ್‌ಲೈನಿನಲ್ಲಿ ಏಳು ಮೈಕಿನ ಸೆಟ್ ಸಿಗುತ್ತಿದೆ, ಪೆಟ್ಟಿಗೆ ಸಮೇತ. ತೆಗೆದುಕೊಳ್ಳಲೇ? (ಹಾಸನದ ಓದುಗರು)

ಉತ್ತರ: ಬೇಡ. ಏಳು ಮೈಕು ತಂದು ಎಲ್ಲಿಗೆ ಸಿಕ್ಕಿಸುತ್ತೀರಿ? ನಿಮ್ಮ ಇಂಟರ್‌ಫೇಸಿನಲ್ಲಿ ಇರುವುದೇ ಎರಡು ತೂತು. ಮತ್ತೆ ಎಂಟು ಚಾನೆಲ್ಲಿನದು ಬೇಕು ಅನ್ನಿಸುತ್ತದೆ, ಏಳು ಕೇಬಲ್, ಏಳು ಸ್ಟ್ಯಾಂಡು, ಅಲ್ಲಿಗೆ ಬಜೆಟ್ ಕಥೆ ಮುಗಿಯಿತು. ಆ ಅಗ್ಗದ ಸೆಟ್ಟುಗಳಲ್ಲಿ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಮೈಕು ಪರವಾಗಿಲ್ಲ ಅನ್ನುವಂತಿರುತ್ತದೆ, ಓವರ್‌ಹೆಡ್ (ಇಡೀ ಸೆಟ್ಟಿನ ಶಬ್ದ ಹಿಡಿಯಲು ಮೇಲೆ ಇಡುವ) ಮೈಕುಗಳು ಮಾತ್ರ ಸಾಮಾನ್ಯವಾಗಿ ಕಿವಿ ಚುಚ್ಚುತ್ತವೆ. ಡ್ರಮ್ಸ್ ಶಬ್ದದ ಮುಕ್ಕಾಲು ಪಾಲು ಬರುವುದೇ ಓವರ್‌ಹೆಡ್‌ನಿಂದ!

ಇಡೀ ಸೆಟ್ಟಿಗೆ ಒಂದು ಕಂಡೆನ್ಸರ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕು), ಕಿಕ್‌ಗೆ ಒಂದು ಡೈನಾಮಿಕ್ (ಜೋರು ಸದ್ದು ತಾಳುವ ಗಟ್ಟಿ ಮೈಕು). ಅಷ್ಟು ಸಾಕು. ಉಳಿದ ದುಡ್ಡಲ್ಲಿ ಸ್ನೇರ್‌ಗೆ (ಮೊಣಕಾಲ ನಡುವೆ ಇರುವ ಡ್ರಮ್) ಮತ್ತು ಕಿಕ್‌ಗೆ ಹೊಸ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿಯುವ ಹಾಳೆ) ಹಾಕಿಸಿ, ಒಂದು ಗಟ್ಟಿ ಬೂಮ್ ಸ್ಟ್ಯಾಂಡ್ ಕೊಳ್ಳಿ. ಸ್ಟ್ಯಾಂಡ್ ವಿಷಯದಲ್ಲಿ ಜನ ಜಿಪುಣತನ ಮಾಡುತ್ತಾರೆ, ಆಮೇಲೆ ಹಾಡಿನ ಮಧ್ಯದಲ್ಲಿ ಮೈಕು ನಿಧಾನಕ್ಕೆ ಬಗ್ಗಿ ಬಂದು ಕ್ರ್ಯಾಶ್ ಸಿಂಬಲ್ ಮೇಲೆ ಕೂತಿರುತ್ತದೆ. ಡೈನಾಮಿಕ್ ಬೇಕೆಂದರೆ ಎಲ್ಲರೂ ಶೂರ್ ಎಸ್‌ಎಂ57 ಅನ್ನುತ್ತಾರೆ. 1965ರಿಂದ ಬರುತ್ತಿರುವ ಮೈಕು, ಸ್ನೇರ್‌ಗೆ ಚಿನ್ನ. ಆದರೆ ನಿಮಗೆ ಬೇಕಿರುವುದು ಕಿಕ್‌ಗೆ, ಅಲ್ಲಿ ಅದು ಸ್ವಲ್ಪ ತೆಳು. ಕಿಕ್‌ಗೆಂದೇ ಮಾಡಿದ ಅಗ್ಗದ ಡೈನಾಮಿಕ್ ಆದರೂ ಪರವಾಗಿಲ್ಲ. 57 ಕೊಳ್ಳುವುದೇ ಆದರೆ ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ, ನಕಲಿ ಮಾಲು ಬೇಕಾದಷ್ಟು ಓಡಾಡುತ್ತಿದೆ.

ಈಗ ಜಾಗ. ಕಂಡೆನ್ಸರನ್ನು ಸಿಂಬಲ್ಲುಗಳ ನೆತ್ತಿಯ ಮೇಲೆ ನೇತು ಹಾಕಬೇಡಿ. ನೀವು ಕೂತಾಗ ನಿಮ್ಮ ಬಲ ಭುಜದ ಹಿಂದೆ, ಕಿವಿಗಿಂತ ಒಂದು ಗೇಣು ಮೇಲೆ, ಸ್ನೇರ್ ಕಡೆ ಮುಖ ಮಾಡಿ ಇಡಿ. ಅಲ್ಲಿಂದ ಡ್ರಮ್ಸ್ ಹೆಚ್ಚುಕಡಿಮೆ ನಿಮಗೆ ಕೇಳಿಸುವ ಹಾಗೇ ಕೇಳುತ್ತದೆ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಫ್ಲೋರ್ ಟಾಮ್ (ಬಲಗಡೆ ನೆಲದ ಮೇಲೆ ನಿಲ್ಲುವ ಡ್ರಮ್) ಜಾಸ್ತಿಯಾದರೆ ಸ್ವಲ್ಪ ಎಡಕ್ಕೆ ಸರಿಸಿ, ಮತ್ತೆ ಕೇಳಿ. ಈ ಸರಿಸಾಟಕ್ಕೆ ಒಂದು ಮಧ್ಯಾಹ್ನ ಹೋದರೆ ಹೋಗಲಿ.

ಕಿಕ್ ಡ್ರಮ್ಮಿನ ಮುಂದಿನ ಹೆಡ್‌ನಲ್ಲಿ ತೂತಿದ್ದರೆ ಮೈಕನ್ನು ಒಳಗೆ ಬಿಡಿ. ಬೀಟರ್ (ಪೆಡಲಿನ ಬಡಿಗೆ) ಹತ್ತಿರ ಹೋದಷ್ಟೂ 'ಟಕ್' ಜಾಸ್ತಿ, ಹಿಂದೆ ಬಂದಷ್ಟೂ 'ಧಂ' ಜಾಸ್ತಿ. ಸರಿಯಾಗಿ ತೂತಿನ ಬಾಯಲ್ಲೇ ಇಟ್ಟರೆ ಗಾಳಿ ನುಗ್ಗಿ ಬುಸ್ ಅನ್ನುತ್ತದೆ. ಒಳಗೊಂದು ಹಳೇ ದಿಂಬು ಎರಡೂ ಹೆಡ್‌ಗೆ ತಾಗುವ ಹಾಗೆ ಇಡಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಕಿಕ್ ಟ್ರ್ಯಾಕಿನ ಪೋಲಾರಿಟಿ ಬಟನ್ (ಶಬ್ದದ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ, ಬಿಟ್ಟು ನೋಡಿ. ಯಾವುದರಲ್ಲಿ ಕಿಕ್ ದಪ್ಪ ಕೇಳುತ್ತದೋ ಅದನ್ನೇ ಇಟ್ಟುಕೊಳ್ಳಿ.

ಲೆವೆಲ್ ಇಡುವಾಗ ಒಂದು ಮಾತು. 'ಚೆಕ್ ಮಾಡ್ತೀನಿ' ಅಂತ ಬಾರಿಸುವಾಗ ಯಾರೂ ಜೋರಾಗಿ ಬಾರಿಸುವುದಿಲ್ಲ, ಹಾಡು ಶುರುವಾದ ಮೇಲೆ ಕೈಗೆ ಬಲ ಬರುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ತುಂಬಾ ಜೋರಿನ ಏಟು ಮೈನಸ್ 10 ಡಿಬಿ ದಾಟದ ಹಾಗೆ ಇಂಟರ್‌ಫೇಸಿನ ಗೇನ್ (ಮೈಕಿನ ಸದ್ದು ಏರಿಸುವ ಗುಂಡಿ) ಇಡಿ. ಇನ್ನೊಂದು, ಹೈ-ಹ್ಯಾಟನ್ನು (ಎಡಗಡೆಯ ಜೋಡಿ ಸಿಂಬಲ್) ಮೆತ್ತಗೆ ಬಾರಿಸಿ, ಸ್ನೇರನ್ನು ಗಟ್ಟಿಯಾಗಿ ಬಾರಿಸಿ. ಎರಡೇ ಮೈಕು ಇದ್ದಾಗ ಆಮೇಲೆ ಹೈ-ಹ್ಯಾಟನ್ನು ಮಾತ್ರ ತಗ್ಗಿಸುವ ದಾರಿ ಇಲ್ಲ. ಮಿಕ್ಸಿಂಗ್ ನಿಮ್ಮ ಕೈಯಲ್ಲೇ ಆಗಬೇಕು.

ಪ್ರಶ್ನೆ: ನಾಲ್ಕು ಚಾನೆಲ್ಲಿನ ಇಂಟರ್‌ಫೇಸ್ ಇದೆ. ಎರಡು ಓವರ್‌ಹೆಡ್, ಒಂದು ಕಿಕ್, ಒಂದು ಸ್ನೇರ್ ಮೈಕು ಹಾಕಿದ್ದೇನೆ. ಒಂದೊಂದನ್ನೇ ಕೇಳಿದರೆ ಚೆನ್ನಾಗಿದೆ. ಎಲ್ಲ ಸೇರಿಸಿದರೆ ಸ್ನೇರ್ ತಗಡು ಬಡಿದ ಹಾಗೆ ಕೇಳುತ್ತದೆ. ಮೈಕು ಹಾಳಾಗಿದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಮೈಕು ಚೆನ್ನಾಗಿಯೇ ಇದೆ, ದೂರ ತಪ್ಪಾಗಿದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಓಡುತ್ತದೆ. ನಿಮ್ಮ ಒಂದು ಓವರ್‌ಹೆಡ್ ಸ್ನೇರ್‌ಗೆ ಹತ್ತಿರ, ಇನ್ನೊಂದು ದೂರ ಇದ್ದರೆ ಒಂದೇ ಏಟು ಎರಡಕ್ಕೂ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಸೇರಿಸಿದಾಗ ಕೆಲವು ಸ್ವರ ಒಂದನ್ನೊಂದು ತಿಂದುಹಾಕುತ್ತವೆ. ವ್ಯತ್ಯಾಸ 85 ಸೆಂಟಿಮೀಟರ್ ಆಸುಪಾಸು ಇದ್ದರೆ ಸೊರಗುವುದು 200 ಹರ್ಟ್ಸ್ ಸುತ್ತಲಿನ ದಪ್ಪ ಸ್ವರ. ಸ್ನೇರಿನ ಮೈಕಟ್ಟು ಇರುವುದೇ ಅಲ್ಲಿ, ಅಲ್ವಾ? ಅದು ಹೋದರೆ ಉಳಿಯುವುದು ತಗಡೇ.

ಇದಕ್ಕೆ ಮದ್ದು ಒಂದು ದಾರ. ತುದಿಯನ್ನು ಸ್ನೇರ್ ನಡುವೆ ಹೆಬ್ಬೆರಳಲ್ಲಿ ಒತ್ತಿ ಹಿಡಿಯಿರಿ, ಮೊದಲ ಮೈಕಿನ ಮೂತಿಯವರೆಗೆ ಎಳೆದು ಅಲ್ಲಿ ಗಂಟು ಹಾಕಿ. ಅದೇ ಗಂಟು ಎರಡನೇ ಮೈಕಿನ ಮೂತಿಗೂ ತಾಗಬೇಕು. ಲೆಡ್ ಜೆಪ್ಪೆಲಿನ್ ರಾಕ್ ತಂಡದ 1969ರ ಮೊದಲ ಆಲ್ಬಂ ರೆಕಾರ್ಡ್ ಮಾಡಿದ ಇಂಗ್ಲೆಂಡಿನ ಎಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಲ್ಲಿ ಒಂದು ಪದ್ಧತಿಯೇ ಇದೆ. ಒಂದು ಮೈಕು ಸ್ನೇರ್ ಮೇಲೆ ಮೂರೂಕಾಲು ಅಡಿ ಎತ್ತರದಲ್ಲಿ, ಇನ್ನೊಂದು ಫ್ಲೋರ್ ಟಾಮ್ ಪಕ್ಕದಲ್ಲಿ ಅದರ ಅಂಚಿಗಿಂತ ಸ್ವಲ್ಪವೇ ಮೇಲೆ, ಸ್ನೇರ್ ದಾಟಿ ಹೈ-ಹ್ಯಾಟ್ ನೋಡುವ ಹಾಗೆ. ಎರಡಕ್ಕೂ ಸ್ನೇರ್‌ನಿಂದ ಒಂದೇ ದೂರ. ನೋಡಲು ಸೊಟ್ಟ ಅನ್ನಿಸುತ್ತದೆ, ಯಾರೋ ಸ್ಟ್ಯಾಂಡ್ ಮರೆತು ಹೋದ ಹಾಗೆ. ಕೇಳಿದರೆ ಸ್ನೇರ್ ನಟ್ಟ ನಡುವೆ ನಿಂತಿರುತ್ತದೆ. ಮೊದಲು ಈ ಎರಡನ್ನೇ ಮೋನೋ ಮಾಡಿ (ಒಂದೇ ಚಾನೆಲ್ಲಿಗೆ ಸೇರಿಸಿ) ಕೇಳಿ, ಸರಿಯಾದ ಮೇಲೆ ಕಿಕ್, ಕೊನೆಗೆ ಸ್ನೇರ್ ಮೈಕು ಸೇರಿಸಿ. ಸ್ನೇರ್ ಮೈಕು ಬೇಕೇ ಅಂತ ಆಗ ನಿಮಗೇ ಅನುಮಾನ ಬರಬಹುದು.

ಗ್ಲಿನ್ ಅವರ ತಮ್ಮ ಆಂಡಿ ಜಾನ್ಸ್ ಇನ್ನೂ ಮುಂದೆ ಹೋದರು. ಅದೇ ತಂಡದ 1971ರ ಆಲ್ಬಂಗೆ ಹೆಡ್ಲಿ ಗ್ರೇಂಜ್ ಎಂಬ ಹಳೇ ಬಂಗಲೆಯಲ್ಲಿ ತಂಡದ ಡ್ರಮ್ಮರ್ ಜಾನ್ ಬೋನಮ್ ಅವರ ಡ್ರಮ್ಸನ್ನು ಮೆಟ್ಟಿಲ ಬುಡದ ಹಾಲಿನಲ್ಲಿ ಇಟ್ಟು, ಮೇಲಿನಿಂದ ಎರಡು ಮೈಕು ಹಿಡಿದೇ ಒಂದು ಹಾಡು ಮುಗಿಸಿದರು. ಆ ಹಾಲ್ ನಮ್ಮ ಹತ್ತಿರ ಇಲ್ಲ, ಆ ಕಾಲೂ ಇಲ್ಲ, ಬಿಡಿ.

ಪ್ರಶ್ನೆ: ಬಾಡಿಗೆ ಮನೆ, ಹತ್ತು ಅಡಿಗೆ ಹನ್ನೆರಡು ಅಡಿ ರೂಮು. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದರೆ ಅಕ್ಕಪಕ್ಕದವರಿಗೆ ಸದ್ದು ಹೋಗುವುದಿಲ್ಲವಂತೆ, ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ಸುಳ್ಳು. ಸದ್ದು ತಡೆಯಲು ತೂಕ ಬೇಕು, ಸಂದಿ ಮುಚ್ಚಬೇಕು. ರಟ್ಟಿಗೆ ತೂಕ ಎಲ್ಲಿದೆ? ಒಳಗಿನ ಶಬ್ದಕ್ಕೂ ಉಪಯೋಗ ಅಷ್ಟಕ್ಕಷ್ಟೇ, ಮೇಲಿನ ಸ್ವರಗಳನ್ನು ಚೂರು ಹೀರುತ್ತದೆ, ಕಿಕ್ ಗುಂಯ್‌ಗುಡುವುದು ಹಾಗೇ ಉಳಿಯುತ್ತದೆ. ಬೆಂಕಿ ತಗುಲಿದರೆ ಮಾತ್ರ ಇಡೀ ಗೋಡೆ ಉರಿಯುತ್ತದೆ. ಅದರ ಬದಲು ಹಾಸಿಗೆಗಳನ್ನು ಮೂಲೆಗೆ ನಿಲ್ಲಿಸಿ, ಕಿಟ್ ಕೆಳಗೆ ಜಮಖಾನ ಹಾಸಿ. ನಿಮ್ಮದು ತಗ್ಗಿನ ಆರ್‌ಸಿಸಿ ಸೂರಾದರೆ ಓವರ್‌ಹೆಡ್ ಮೈಕಿನ ಮೇಲೆ ದಪ್ಪ ರಜಾಯಿಯನ್ನು ಸೂರಿನಿಂದ ಒಂದು ಗೇಣು ಕೆಳಗೆ ಕಟ್ಟಿ, ಸೂರಿಗೆ ಬಡಿದು ವಾಪಸ್ ಬರುವ ಶಬ್ದ ಗೊತ್ತಾಗುವಷ್ಟು ಇಳಿಯುತ್ತದೆ. ಪಕ್ಕದ ಮನೆಯವರಿಗೆ ಇದ್ಯಾವುದೂ ಸಾಲದು. ಅವರು ಊರಿಗೆ ಹೋಗುವುದು ಯಾವಾಗ ಅಂತ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ಕಂಡೆನ್ಸರ್ ಮೈಕು ಚಟಪಟ ಅನ್ನುತ್ತಿದೆ. ಡೈನಾಮಿಕ್ ಸರಿಯಾಗಿದೆ. (ಸಾಗರದ ಓದುಗರು)

ಉತ್ತರ: ತೇವ ಹಿಡಿದಿರಬೇಕು. ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೂ ಸದ್ದು ಬಂದರೆ ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಒಳಗಿನ ತೆಳು ಪೊರೆ ಹಾಳಾಗುತ್ತದೆ. ಒಲೆ ಹತ್ತಿರವಂತೂ ತರಲೇಬೇಡಿ. ಮಳೆಗಾಲ ಮುಗಿಯುವವರೆಗೆ ಕೆಲಸ ಆದ ತಕ್ಷಣ ಡಬ್ಬಿಗೆ ಹಾಕುವುದೇ ಸರಿ, ಸ್ಟ್ಯಾಂಡ್ ಮೇಲೆ ಬಿಟ್ಟು ಮಲಗಬೇಡಿ.