ಡಯಾಬ್ಲೊ 2 ಕಂಪ್ಯೂಟರ್ ಆಟದ ಮಾಯಾವಿನಿ ಪಾತ್ರ ಸಾರ್ಸರೆಸ್‌ಗೆ ಬೆಂಕಿ, ಹಿಮ, ಮಿಂಚು ಮೂರಕ್ಕೂ ಸಮನಾಗಿ ಪಾಯಿಂಟ್ ಹಾಕಿದರೆ ಹೆಲ್ (ಕೊನೆಯ, ಅತಿ ಕಷ್ಟದ ಹಂತ) ದಾಟಬಹುದೇ?

ಆಗಲ್ಲ. "ರಾಕ್ಷಸ ಒಂದಕ್ಕೆ ಇಮ್ಯೂನ್ ಆಗಿದ್ದರೆ (ಅದರ ಹೊಡೆತ ತಗಲದಿದ್ದರೆ) ಇನ್ನೊಂದರಿಂದ ಹೊಡೀತೀನಿ" ಅನ್ನೋ ಇದೇ ಲೆಕ್ಕ ಹಾಕಿಕೊಂಡೇ ನಾನೂ ಕೆಟ್ಟಿದ್ದು. 2003ರ 1.10 ಪ್ಯಾಚ್ ಬಂದ ಮೇಲಿನ ಮಾತು. ಹಾಕಿದ ಪಾಯಿಂಟ್ ವಾಪಸ್ ತೆಗೆಯೋ ದಾರಿ ಆಗ ಇರಲಿಲ್ಲ. ನಾರ್ಮಲ್ ಸಲೀಸಾಗಿ ಹೋಯಿತು, ನೈಟ್‌ಮೇರ್ ತೆವಳಿಕೊಂಡು ಮುಗಿಯಿತು, ಹೆಲ್‌ನ ಮೊದಲ ಆಕ್ಟ್‌ನಲ್ಲೇ ಗಾಡಿ ನಿಂತಿತು. 70ನೇ ಲೆವೆಲ್ ಪಾತ್ರವನ್ನು ಬಿಟ್ಟು ಮತ್ತೆ ಒಂದರಿಂದ ಶುರು ಮಾಡಬೇಕಾಯಿತು.

ತಪ್ಪು ಎಲ್ಲಿ ಅಂದರೆ ಸಿನರ್ಜಿಯಲ್ಲಿ: ಒಂದು ಸ್ಕಿಲ್‌ಗೆ ಹಾಕಿದ ಪಾಯಿಂಟ್ ಇನ್ನೊಂದರ ಹೊಡೆತವನ್ನೂ ಏರಿಸೋದು. 70ನೇ ಲೆವೆಲ್‌ಗೆ ಕೈಯಲ್ಲಿರೋದು 77 ಸ್ಕಿಲ್ ಪಾಯಿಂಟ್: ಲೆವೆಲ್ ಏರಿದ್ದಕ್ಕೆ 69, ಜೊತೆಗೆ ನಾರ್ಮಲ್, ನೈಟ್‌ಮೇರ್ ಎರಡರಲ್ಲೂ ಕ್ವೆಸ್ಟ್ ಮುಗಿಸಿದ್ದಕ್ಕೆ ಸಿಗೋವು: ಡೆನ್ ಆಫ್ ಈವಿಲ್‌ಗೆ 1, ರಾಡಮೆಂಟ್‌ಗೆ 1, ಇಜುವಲ್‌ಗೆ 2. ಮೂರು ಪಾಲು ಮಾಡಿದರೆ ತಲಾ 25. ನನ್ನ ಬ್ಲಿಜರ್ಡ್ ಅನ್ನೋ ಹಿಮದ ಸ್ಕಿಲ್‌ನಲ್ಲಿ 15 ಪಾಯಿಂಟ್ ಇತ್ತು. ಅದಕ್ಕೆ ಬಲ ಕೊಡೋ ಐಸ್ ಬೋಲ್ಟ್, ಐಸ್ ಬ್ಲಾಸ್ಟ್, ಗ್ಲೇಷಿಯಲ್ ಸ್ಪೈಕ್ ಮೂರರಲ್ಲೂ ಒಂದೊಂದೇ. ಅವುಗಳ ಪ್ರತಿ ಪಾಯಿಂಟ್ ಬ್ಲಿಜರ್ಡ್ ಹೊಡೆತಕ್ಕೆ 5% ಸೇರಿಸುತ್ತೆ. ನನಗೆ ಸಿಕ್ಕಿದ್ದು 15%. ಐಸ್ ಬ್ಲಾಸ್ಟ್‌ಗೆ 20, ಗ್ಲೇಷಿಯಲ್ ಸ್ಪೈಕ್‌ಗೆ 20 ಹಾಕಿದವನಿಗೆ 200%, ಅಂದರೆ ಅದೇ ಬ್ಲಿಜರ್ಡ್ ಮೂರು ಪಟ್ಟು. ಫೈರ್‌ಬಾಲ್ ಕಥೆಯೂ ಇದೇ: ಫೈರ್‌ಬೋಲ್ಟ್, ಮೀಟಿಯರ್‌ನ ಪ್ರತಿ ಪಾಯಿಂಟ್‌ಗೆ 14%, ನನ್ನ ಹತ್ತಿರ ಫೈರ್‌ಬೋಲ್ಟ್‌ನಲ್ಲಿ ಒಂದೇ, ಮೀಟಿಯರ್ ಖಾಲಿ.

ಕೋಲಿನ ಮೇಲೆ "+3 ಗ್ಲೇಷಿಯಲ್ ಸ್ಪೈಕ್" ಇದೆಯಲ್ಲ, ಅದು ಸಿನರ್ಜಿಗೂ ಸೇರುತ್ತೆ ಅಂತ ಅಂದುಕೊಂಡಿದ್ದೆ. ಸೇರಲ್ಲ. ಐಟಂನಿಂದ ಬಂದ ಪ್ಲಸ್ ಆ ಸ್ಕಿಲ್ಲನ್ನಷ್ಟೇ ಏರಿಸುತ್ತೆ. ಸಿನರ್ಜಿಗೆ ನೀವೇ ಕೈಯಾರೆ ಹಾಕಿದ ಪಾಯಿಂಟ್ ಮಾತ್ರ ಲೆಕ್ಕ. ಒಂದು ಬಗೆಯ ಮಾಯೆಗೆ ಪೂರ್ತಿ ಬಲ ಕೊಡೋ ಮಾಸ್ಟರಿ ಸ್ಕಿಲ್‌ಗಳೂ ಮೂರು ಬೇರೆ ಬೇರೆ. ಅದರಲ್ಲಿ ಕೋಲ್ಡ್ ಮಾಸ್ಟರಿ ಮಾತ್ರ ಎದುರಾಳಿಯ ರೆಸಿಸ್ಟೆನ್ಸ್ (ಹೊಡೆತ ತಡೆಯೋ ಶಕ್ತಿ) ಇಳಿಸುತ್ತೆ: ಮೊದಲ ಲೆವೆಲ್‌ಗೆ 20%, ಆಮೇಲೆ ಒಂದೊಂದಕ್ಕೂ 5%. ಬೆಂಕಿ, ಮಿಂಚಿನವು ಬರೀ ಹೊಡೆತ ಏರಿಸುತ್ತವೆ. ಹಾಗಾಗಿ ಮೂರಕ್ಕೂ ಹಂಚಿದವನು ಇಮ್ಯೂನ್ ಅಲ್ಲದ ರಾಕ್ಷಸನನ್ನೂ ಕೊಲ್ಲಲಾರ.

ಅದೇ 77 ಪಾಯಿಂಟ್‌ನಲ್ಲಿ ಬ್ಲಿಜರ್ಡ್, ಗ್ಲೇಷಿಯಲ್ ಸ್ಪೈಕ್, ಐಸ್ ಬ್ಲಾಸ್ಟ್ ತಲಾ 20 ಹಾಕಿ. ಐಸ್ ಬೋಲ್ಟ್, ಫ್ರಾಸ್ಟ್ ನೋವಾ, ವಾರ್ಮ್ತ್, ಸ್ಟ್ಯಾಟಿಕ್ ಫೀಲ್ಡ್, ಟೆಲಿಕೈನೆಸಿಸ್, ಟೆಲಿಪೋರ್ಟ್‌ಗೆ ಒಂದೊಂದು ಸಾಕು. ಉಳಿದ 11 ಕೋಲ್ಡ್ ಮಾಸ್ಟರಿಗೆ. ಅಲ್ಲಿಗೇ 70% ಇಳಿಕೆ, ಮೇಲಿನದನ್ನು ಐಟಂಗಳ ಪ್ಲಸ್ ನೋಡಿಕೊಳ್ಳುತ್ತೆ. ಬ್ಲಿಜರ್ಡ್ ಒಮ್ಮೆ ಬಿಟ್ಟರೆ 1.8 ಸೆಕೆಂಡ್ ಮತ್ತೆ ಬಿಡಕ್ಕಾಗಲ್ಲ. ಆ ಸಂದಿಯಲ್ಲಿ ಗ್ಲೇಷಿಯಲ್ ಸ್ಪೈಕ್ ಹೊಡೆಯಿರಿ, ಗುಂಪು ಹೆಪ್ಪುಗಟ್ಟುತ್ತೆ.

ಹಿಮಕ್ಕೆ ಇಮ್ಯೂನ್ ಆದವರನ್ನು ಏನು ಮಾಡೋದು? ಬಿಟ್ಟು ಹೋಗಿ! ಟೆಲಿಪೋರ್ಟ್ ಇರೋದು ಯಾಕೆ? ಈ ಆಟದಲ್ಲಿ ಕಂಡವರನ್ನೆಲ್ಲ ಕೊಲ್ಲಬೇಕು ಅನ್ನೋ ಹಟ ಹೊಸಬರಿಗೆ ಎಲ್ಲಿಂದ ಬರುತ್ತೋ ಗೊತ್ತಿಲ್ಲ. ಆಕ್ಟ್ 3ರ ಕೊನೆಯ ದೊಡ್ಡ ರಾಕ್ಷಸ ಮೆಫಿಸ್ಟೋನ ಹತ್ತಿರಕ್ಕೆ ಹಾರಿ ಹೋಗಿ ಹೊಡೆದು ಬನ್ನಿ. ಆಕ್ಟ್ 2ರ ಲಾಸ್ಟ್ ಸಿಟಿಯಲ್ಲಿರೋ ಏನ್ಷಿಯಂಟ್ ಟನೆಲ್ಸ್‌ನಲ್ಲಿ ಹುಟ್ಟಾ ಹಿಮ ಇಮ್ಯೂನ್ ಆದವರೇ ಇಲ್ಲ. ಅಪರೂಪಕ್ಕೆ ಕೋಲ್ಡ್ ಎನ್‌ಚಾಂಟೆಡ್ ನಾಯಕನೊಬ್ಬ ಸಿಕ್ಕರೆ ಬದಿಗೆ ಸರಿಯಿರಿ. ದಾರಿಗೆ ಅಡ್ಡ ನಿಂತವರನ್ನು ಆಕ್ಟ್ 2ರ ಕೂಲಿ ಸೈನಿಕ ನೋಡಿಕೊಳ್ಳಲಿ. ಅವನಿಗೆ ನಾಲ್ಕು ತೂತಿನ ಪೋಲ್‌ಆರ್ಮ್‌ನಲ್ಲಿ (ಉದ್ದ ಹಿಡಿಯ ಆಯುಧ) ರಾಲ್, ಟಿರ್, ಟಾಲ್, ಸೋಲ್ ರೂನ್‌ಗಳನ್ನು ಇದೇ ಕ್ರಮದಲ್ಲಿ ಕೂರಿಸಿದ ಇನ್‌ಸೈಟ್ ಕೊಡಿ. ಅದರ ಮೆಡಿಟೇಶನ್ ಆರಾ ನಿಮ್ಮ ಮಾನಾ (ಮಾಯೆ ಬಿಡೋಕೆ ಬೇಕಾದ ಶಕ್ತಿ) ತುಂಬಿಸುತ್ತಲೇ ಇರುತ್ತೆ. ಅದಿದ್ದ ಮೇಲೆ ಎನರ್ಜಿಗೆ ಒಂದು ಸ್ಟ್ಯಾಟ್ ಪಾಯಿಂಟೂ ಬೇಡ. ಹಾಕಿಕೊಳ್ಳೋ ಸಾಮಾನಿಗೆ ಬೇಕಾದಷ್ಟು ಸ್ಟ್ರೆಂಗ್ತ್, ಮಿಕ್ಕಿದ್ದೆಲ್ಲ ವೈಟಾಲಿಟಿ.

ಎರಡು ಮಾಯೆ ಬೇಕೇ ಬೇಕು ಅಂದರೆ ಫ್ರೋಜನ್ ಆರ್ಬ್ ಜೊತೆ ಫೈರ್‌ಬಾಲ್ ತಗೊಳ್ಳಿ. ಆರ್ಬ್‌ಗೆ ಐಸ್ ಬೋಲ್ಟ್ ಕೊಡೋದು ಪಾಯಿಂಟ್‌ಗೆ ಬರೀ 2%, ಹಾಗಾಗಿ ಆರ್ಬ್‌ಗೆ 20 ಹಾಕಿ ಸಿನರ್ಜಿ ಮರೆತರೂ ನಡೆಯುತ್ತೆ. ಉಳಿದದ್ದು ಬೆಂಕಿಗೆ ಹೋಗಲಿ. ಮೂರನೆಯದರ ಸುದ್ದಿಗೆ ಹೋಗಬೇಡಿ.

ಇಮ್ಯೂನ್ ಅಂದರೆ ಅಷ್ಟೊಂದು ಭಯ ಇದ್ದರೆ ನಿಮಗೆ ಸಾರ್ಸರೆಸ್ಸೇ ಬೇಡ, ಪಾಲಡಿನ್ ಆಡಿ. ಬ್ಲೆಸ್ಡ್ ಹ್ಯಾಮರ್, ವಿಗರ್, ಬ್ಲೆಸ್ಡ್ ಏಮ್, ಕಾನ್ಸಂಟ್ರೇಶನ್‌ಗೆ ತಲಾ 20. ಆ ಸುತ್ತಿಗೆಯ ಹೊಡೆತಕ್ಕೆ ಇಮ್ಯೂನ್ ಆದವರು ತೀರಾ ಕಡಿಮೆ.

ನಿಮ್ಮ ಪುಣ್ಯ, 2010ರ 1.13 ಪ್ಯಾಚ್‌ನಿಂದ ಡೆನ್ ಆಫ್ ಈವಿಲ್ ಮುಗಿಸಿದರೆ ಆಕ್ಟ್ 1ರ ಅಕಾರಾ ಪ್ರತಿ ಡಿಫಿಕಲ್ಟಿಗೆ ಒಮ್ಮೆ ಸ್ಕಿಲ್, ಸ್ಟ್ಯಾಟ್ ಎರಡನ್ನೂ ಅಳಿಸಿ ಕೊಡ್ತಾಳೆ. ಈಗ ಹಂಚಿ ಹಾಕಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ನಾರ್ಮಲ್‌ನ ಆ ಅವಕಾಶವನ್ನು 30ನೇ ಲೆವೆಲ್‌ವರೆಗೆ ಮುಟ್ಟದೆ ಇಟ್ಟುಕೊಳ್ಳಿ, ಕೋಲ್ಡ್ ಮಾಸ್ಟರಿ ತೆರೆಯೋದೇ ಅಲ್ಲಿ. ಅಲ್ಲಿಯವರೆಗೆ 12ನೇ ಲೆವೆಲ್‌ಗೆ ಬರೋ ಫೈರ್‌ಬಾಲ್ ಸಾಕು. ಮೂರೂ ಅವಕಾಶ ಮುಗಿದ ಮೇಲೆ ಹೆಲ್‌ನ ದೊಡ್ಡ ರಾಕ್ಷಸರಿಂದ ನಾಲ್ಕು ಬಗೆಯ ಎಸೆನ್ಸ್ ಗಿಟ್ಟಿಸಿ, ಹೊರಾಡ್ರಿಕ್ ಕ್ಯೂಬ್‌ಗೆ ಹಾಕಿ ಪಾಯಿಂಟ್ ಅಳಿಸೋ ಟೋಕನ್ ಮಾಡಿಕೊಳ್ಳಬೇಕಾಗುತ್ತೆ.