ದುಡ್ಡು ಕಟ್ಟುವ ಮೊದಲು ಒಂದು ಚೀಟಿ ಬರೆಯಿರಿ

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ನಮ್ಮ ಮಾವನವರು ಮಗ್ಗ ನಡೆಸುತ್ತಿದ್ದವರು. ಈಗ ಮನೆಯಲ್ಲೇ ಇರುತ್ತಾರೆ, ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಹಾಡೇ ಅವರ ಜೀವ. ಬೆಂಗಳೂರಿನಿಂದ ಬಂದಿದ್ದ ಮೈದುನ ಫೋನಿನಲ್ಲಿ ಹಾಡಿನ ಆ್ಯಪ್ ಹಾಕಿಕೊಟ್ಟು ಹೋದ. ನಡುನಡುವೆ ಜಾಹೀರಾತು ಬರುತ್ತದೆ. ಒಂದು ಹಾಡು ಒತ್ತಿದರೆ ಇನ್ನೊಂದು ಬರುತ್ತದೆ. ತಿಂಗಳ ದುಡ್ಡು ಕಟ್ಟಿದರೆ ಸರಿಹೋಗುತ್ತದಾ? ಯಾವುದಕ್ಕೆ ಕಟ್ಟಬೇಕು? – ರಬಕವಿಯ ಓದುಗರು

ಉತ್ತರ: ಸರಿಹೋಗುತ್ತದೆ ತಂಗಿ. ದುಡ್ಡು ಕಟ್ಟಿದರೆ ಜಾಹೀರಾತು ನಿಲ್ಲುತ್ತದೆ, ಒತ್ತಿದ ಹಾಡೇ ಬರುತ್ತದೆ, ಹೆಚ್ಚಿನ ಪ್ಲಾನ್‌ಗಳಲ್ಲಿ ನೆಟ್ ಇಲ್ಲದಾಗ ಕೇಳಲು ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಆದರೆ ಇವತ್ತೇ ಕಟ್ಟಬೇಡಿ.

ಜಮಖಂಡಿಯಲ್ಲಿ ನಾನು ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದಾಗ ಜನ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ 30 ನಿಮಿಷ. ಅಷ್ಟರಲ್ಲಿ ಯಾವ ಹಾಡು ಬೇಕೇ ಬೇಕು ಅಂತ ಮನೆಮಂದಿಯೆಲ್ಲ ಕೂತು ಯೋಚಿಸುತ್ತಿದ್ದರು. ಈಗ ಕೋಟಿಗಟ್ಟಲೆ ಹಾಡು ಇವೆ, ಚೀಟಿ ಬರೆಯುವವರಿಲ್ಲ. ನೀವು ಬರೆಯಿರಿ. ಮಾವನವರ ಹತ್ತಿರ ಕೂತು ಕೇಳಿ. ಹಾಡಿನ ಹೆಸರಿನ ಜೊತೆ ಹಾಡಿದವರ ಹೆಸರನ್ನೂ ಬರೆದುಕೊಳ್ಳಿ.

ಆಮೇಲೆ ಆ ಚೀಟಿ ಹಿಡಿದು ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಮೂರರಲ್ಲೂ ಹುಡುಕಿ. ಹುಡುಕಲು ದುಡ್ಡು ಬೇಕಿಲ್ಲ. ಹೆಸರು ಕಂಡರೆ ಸಾಲದು, ಸ್ವಲ್ಪ ಕೇಳಿ ನೋಡಿ. ಅದೇ ಹೆಸರಿನಲ್ಲಿ ಬೇರೆ ಯಾರೋ ಮತ್ತೆ ಹಾಡಿದ್ದು, ಬರೀ ವಾದ್ಯ, ಕರೋಕೆ ಎಲ್ಲ ಇರುತ್ತವೆ. ಮಾವನವರಿಗೆ ದನಿ ಕೇಳಿಸಿದರೆ ಅವರೇ ಹೇಳುತ್ತಾರೆ. ಚೀಟಿಯ ಹಾಡು ಎಲ್ಲಿ ಜಾಸ್ತಿ ಸಿಗುತ್ತವೋ ಅಲ್ಲಿ ಕಟ್ಟಿ.

ಹುಡುಕಿ ಸಿಗದಿದ್ದರೆ ಸ್ಪೆಲ್ಲಿಂಗ್ ಬದಲಿಸಿ ನೋಡಿ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರನ್ನೇ ತೆಗೆದುಕೊಳ್ಳಿ. 1943ರ ಹಿಂದಿ ಚಿತ್ರ ‘ಕಿಸ್ಮತ್’ಗೆ ಹಾಡಿ ದೇಶವೆಲ್ಲ ಹೆಸರಾದವರು. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಎರಡು ‘ಇ’ ಹಾಕಿ ಬರೆದಿರುತ್ತಾರೆ, ಇನ್ನೊಂದು ಕಡೆ ಒಂದೇ ‘ಐ’. ಎರಡನ್ನೂ ಹೊಡೆದು ನೋಡಬೇಕು. ಕನ್ನಡದಲ್ಲೂ ಬರೆದು ನೋಡಿ. ಬರೆಯುವುದು ಕಷ್ಟವಾದರೆ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಬಾಯಲ್ಲಿ ಹೇಳಿ. ಬೀಳಗಿಯ ಮಗಳ ಹಾಡು ಬೀಳಗಿ ಹುಡುಗರಿಗೇ ಸಿಗದೆ ಹೋಗುವುದು ನನಗೆ ಸಹಿಸಲಾಗದ ಮಾತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಟ್ಟುವ ಮುಂಚೆ ಇನ್ನೊಂದು ವಿಷಯ. ಮನೆಯಲ್ಲಿ ಯಾರಾದರೂ ಯೂಟ್ಯೂಬ್ ಪ್ರೀಮಿಯಂಗೆ ಕಟ್ಟುತ್ತಿದ್ದರೆ ಯೂಟ್ಯೂಬ್ ಮ್ಯೂಸಿಕ್ ಅದರಲ್ಲೇ ಬರುತ್ತದೆ. ಅಮೆಜಾನ್ ಪ್ರೈಮ್ ಇದ್ದರೆ ಅಮೆಜಾನ್ ಮ್ಯೂಸಿಕ್ ಜೊತೆಗಿರುತ್ತದೆ. ಮತ್ತೆ ಬೇರೆ ಯಾಕೆ ಕಟ್ಟಬೇಕು, ಅಲ್ವಾ?

ಕಟ್ಟಿದ ಮೇಲೆ ಮಾವನವರ ಹೆಸರಿನಲ್ಲೇ ಒಂದು ಪ್ಲೇಲಿಸ್ಟ್ ಮಾಡಿ. ಮನೆಯ ವೈಫೈ ಇರುವಾಗ ಅದನ್ನು ಪೂರ್ತಿ ಡೌನ್‌ಲೋಡ್ ಮಾಡಿ. ಹಾಡುಗಳನ್ನು ಹಿಂದೆಮುಂದೆ ಮಾಡುವ ಶಫಲ್ ಆಫ್ ಮಾಡಿ. ಅವರಿಗೆ ತಿಳಿಯಬೇಕಾದದ್ದು ಒಂದೇ ಗುಂಡಿ. ವೈಫೈ ಇಲ್ಲದ ಮನೆಯವರು ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಕ್ವಾಲಿಟಿ ನೋಡಿಕೊಳ್ಳಿ. 96 ಕೆಬಿಪಿಎಸ್ ಇಟ್ಟರೆ ಗಂಟೆಗೆ ಸುಮಾರು 43 ಎಂಬಿ ಸಾಕು, 320ಕ್ಕೆ 144 ಎಂಬಿ ಬೇಕು. ಫೋನಿನ ಸ್ಪೀಕರಿನಲ್ಲೇ ಕೇಳುವವರಿಗೆ ಕಡಿಮೆಯದೇ ಸಾಕಾಗುತ್ತದೆ.

ಚೀಟಿಯನ್ನು ಮಾತ್ರ ಎಸೆಯಬೇಡಿ. ಇಲ್ಲಿ ನಾವು ಹಾಡು ಕೊಳ್ಳುವುದಿಲ್ಲ, ಬಾಡಿಗೆಗೆ ಕೇಳುತ್ತೇವೆ. ಕಂಪನಿಗಳ ನಡುವಿನ ಒಪ್ಪಂದ ಮುಗಿದರೆ ನಿನ್ನೆ ಇದ್ದ ಹಾಡು ಇವತ್ತು ಇರುವುದಿಲ್ಲ. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2024ರಲ್ಲಿ ಪೂರ್ತಿ ನಿಂತೇ ಹೋಯಿತು. ಚೀಟಿ ಕೈಯಲ್ಲಿದ್ದರೆ ಬೇರೆ ಕಡೆ ಮತ್ತೆ ಜೋಡಿಸಿಕೊಳ್ಳಬಹುದು.

ಪ್ರಶ್ನೆ: ಮೊದಲ ತಿಂಗಳು ಫ್ರೀ ಅಂತ ಸೇರಿದ್ದೆ. ಬೇಡ ಅಂತ ಆ್ಯಪ್ ತೆಗೆದುಹಾಕಿದರೂ ದುಡ್ಡು ಹೋಗುತ್ತಿದೆ. – ವಿಜಯಪುರದ ಓದುಗರು

ಉತ್ತರ: ಆ್ಯಪ್ ತೆಗೆದರೆ ಚಂದಾ ರದ್ದಾಗುವುದಿಲ್ಲ ಸರ್. ಫ್ರೀ ಅಂತ ಸೇರುವಾಗಲೇ ನೀವು ಆಟೋಪೇಗೆ, ಅಂದರೆ ತಾನಾಗಿಯೇ ದುಡ್ಡು ಕಡಿಯುವುದಕ್ಕೆ, ಒಪ್ಪಿಗೆ ಕೊಟ್ಟಿರುತ್ತೀರಿ. ಫೋನ್‌ಪೇ ಅಥವಾ ಗೂಗಲ್ ಪೇ ತೆರೆದು ಆಟೋಪೇ ಅಂತ ಇರುವ ಕಡೆ ನೋಡಿ. ಯಾರು ಯಾರಿಗೆ ಒಪ್ಪಿಗೆ ಇದೆ ಅಂತ ಪಟ್ಟಿ ಬರುತ್ತದೆ, ಅಲ್ಲೇ ರದ್ದು ಮಾಡಬಹುದು. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅದರ ಸಬ್‌ಸ್ಕ್ರಿಪ್ಷನ್ಸ್‌ನಲ್ಲಿ ತೆಗೆಯಿರಿ. ದುಡ್ಡು ಕಡಿಯುವ 24 ಗಂಟೆ ಮೊದಲೇ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಮೆಸೇಜನ್ನು ಓದದೆ ಅಳಿಸಬೇಡಿ.

ಪ್ರಶ್ನೆ: ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಕೇಳುವಾಗ ವಿಲಂಬಿತ (ನಿಧಾನ ಗತಿಯ ಭಾಗ) ಮುಗಿಯುವ ಮೊದಲೇ ಇನ್ನೊಂದು ದನಿ ಬಂದು ಸೇರುತ್ತದೆ. ಫೋನ್ ಕೆಟ್ಟಿದೆಯೇ? – ಬೆಳಗಾವಿಯ ನಿವೃತ್ತ ಶಿಕ್ಷಕಿ

ಉತ್ತರ: ಫೋನ್ ಚೆನ್ನಾಗಿದೆ ಮೇಡಂ. ಒಂದು ಹಾಡಿನ ಬಾಲಕ್ಕೆ ಮುಂದಿನ ಹಾಡಿನ ತಲೆ ಸೇರಿಸುವ ಕ್ರಾಸ್‌ಫೇಡ್ ಅನ್ನುವ ಸೌಲಭ್ಯ ಆನ್ ಆಗಿದೆ. ಮದುವೆ ಮನೆಯ ಹಾಡಿಗೆ ಅದು ಚಂದ, ಖಯಾಲ್‌ಗೆ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಸೊನ್ನೆಗೆ ಇಳಿಸಿ. ಶಫಲ್ ಕೂಡ ತೆಗೆಯಿರಿ, ಇಲ್ಲದಿದ್ದರೆ ವೇಗದ ಭಾಗವಾದ ದ್ರುತ್ ಮೊದಲು ಬಂದು ವಿಲಂಬಿತ ಆಮೇಲೆ ಬರಬಹುದು. ಆಟೋಪ್ಲೇ ಆಫ್ ಮಾಡಿದರೆ ರಾಗ ಮುಗಿದ ಮೇಲೆ ಬೇರೆ ಏನೂ ಶುರುವಾಗುವುದಿಲ್ಲ. 1924ರಲ್ಲಿ ನಿಮ್ಮ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದವರು ಅವರು. ಅವರ ಹಾಡಿನ ನಡುವಿನ ಮೌನವೂ ನಿಮಗೆ ಪೂರ್ತಿ ಸಿಗಬೇಕು.

ಪ್ರಶ್ನೆ: ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡನ್ನು ಟ್ರ್ಯಾಕ್ಟರಿನ ಪೆನ್‌ಡ್ರೈವ್‌ಗೆ ಹಾಕುವುದು ಹೇಗೆ? – ಮುಧೋಳದ ಓದುಗ

ಉತ್ತರ: ಆಗುವುದಿಲ್ಲ ತಮ್ಮಾ. ಆ ಫೈಲುಗಳಿಗೆ ಬೀಗ ಹಾಕಿರುತ್ತಾರೆ, ಅದೇ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತವೆ. ಸ್ಪಾಟಿಫೈನಲ್ಲಾದರೆ 30 ದಿನಕ್ಕೊಮ್ಮೆಯಾದರೂ ನೆಟ್ ಆನ್ ಮಾಡಲೇಬೇಕು. ಫೋನನ್ನು ಬ್ಲೂಟೂತ್ ಅಥವಾ ಆಕ್ಸ್ ವೈರಿನಿಂದ ಟೇಪಿಗೆ ಜೋಡಿಸಿ. ಹೊರಡುವ ಮೊದಲೇ ಹಾಡು ಹಚ್ಚಿಡಿ, ದಾರಿಯಲ್ಲಿ ಫೋನ್ ಮುಟ್ಟಬೇಡಿ. ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗ ಹಿಂದಿನ ಗಾಡಿಯ ಹಾರ್ನ್ ಕೇಳುವಷ್ಟು ಸೌಂಡ್ ಇಡಿ. ನಿಮ್ಮ ಹಿಂದೆ ಬೈಕಿನಲ್ಲಿ ಮಕ್ಕಳು ಮರಿ ಇರುತ್ತಾರೆ.

ಪ್ರಶ್ನೆ: ನಮ್ಮ ತಂದೆ ಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತರ ಪಾತ್ರ ಮಾಡುತ್ತಿದ್ದರು. ಅವರ ದನಿಯ ಒಂದು ಕ್ಯಾಸೆಟ್ ಇದೆ. ಯಾವ ಆ್ಯಪ್‌ನಲ್ಲೂ ಅವರಿಲ್ಲ. ಫೋನಿನಲ್ಲಿ ಕೇಳುವಂತೆ ಮಾಡಬಹುದೇ? – ಗೋಕಾಕ ತಾಲೂಕಿನ ಓದುಗರು

ಉತ್ತರ: ಖಂಡಿತ ಮಾಡಬಹುದು, ತಡ ಮಾಡಬೇಡಿ ಅಣ್ಣಾ. ನಿಮ್ಮ ತಂದೆಯವರಂತೆ ಹಾಡಿದ ಅದೆಷ್ಟೋ ಜನರ ದನಿ ಯಾವ ಕಂಪನಿಯ ಹತ್ತಿರವೂ ಇಲ್ಲ, ಮನೆಯ ಟ್ರಂಕಿನಲ್ಲಿ ಮಾತ್ರ ಇದೆ.

ಮೊದಲು ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿಯಿರಿ. ಆಗ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ದನಿ ಅಳಿಯುವುದಿಲ್ಲ. ಟೇಪ್ ರೆಕಾರ್ಡರಿನಲ್ಲಿ ಟೇಪು ತಾಗುವ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಬಹಳ ದಿನ ಹಾಗೇ ಇದ್ದ ಟೇಪು ಒಂದಕ್ಕೊಂದು ಅಂಟಿರುತ್ತದೆ. ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ದನಿ ಹೋಗುವ ತೂತಾದ ಲೈನ್‌-ಇನ್‌ಗೆ ವೈರ್ ಕೊಟ್ಟು, ಪುಕ್ಕಟೆ ಸಿಗುವ ಅಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ. ಫೈಲಿನ ಒಂದು ಪ್ರತಿ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ನಮ್ಮದೇ ಫೈಲುಗಳನ್ನು ಕಂಪ್ಯೂಟರಿನಿಂದ ಅಪ್‌ಲೋಡ್ ಮಾಡಬಹುದು. ಅದಕ್ಕೆ ದುಡ್ಡಿಲ್ಲ. ಅವು ನಿಮ್ಮ ಅಕೌಂಟಿನಲ್ಲಿ ಮಾತ್ರ ಕಾಣುತ್ತವೆ, ಹೊರಗಿನವರಿಗೆ ಕೇಳುವುದಿಲ್ಲ. ಅಪ್‌ಲೋಡ್ ಮಾಡುವ ಮೊದಲು ಫೈಲಿಗೆ ಸರಿಯಾದ ಹೆಸರು ಕೊಡಿ: ತಂದೆಯವರ ಹೆಸರು, ಊರು, ಯಾವ ಪ್ರಸಂಗ, ನೆನಪಿದ್ದರೆ ಇಸವಿ. ಜೊತೆಗೆ ಹಾರ್ಮೋನಿಯಂ, ತಬಲಾ ಯಾರದು ಅಂತ ಗೊತ್ತಿದ್ದರೆ ಅವರ ಹೆಸರನ್ನೂ ಸೇರಿಸಿ.